ಮೋಲಿಯ ಕಿಟಕಿ: ಅಮೆರಿಕದ ಟಿವಿಯಿಂದ ಯಹೂದಿ ಮನೆ ಕಾಣೆಯಾದ ಕಥೆ

ಕಪ್ಪು-ಬಿಳುಪು ಚಿತ್ರ, ಸ್ವಲ್ಪ ಮಸುಕು. ವಠಾರದ ಒಂದು ಕಿಟಕಿ. ಐವತ್ತರ ಆಸುಪಾಸಿನ, ಮೈತುಂಬಿದ ಹೆಂಗಸು ಕೈಗಳನ್ನು ಕಿಟಕಿಯ ಕಟ್ಟೆಗೆ ಊರಿ ಹೊರಕ್ಕೆ ಬಾಗುತ್ತಾಳೆ. ಪಕ್ಕದಲ್ಲಿ ಖಾಲಿ ಕಾಫಿ ಡಬ್ಬಿ, ಅದರಲ್ಲಿ ಹೂವಿನ ಗಿಡ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದು ಗೋಡೆ ಅಷ್ಟೇ ಇದೆ ಅನ್ನೋ ಹಾಗೆ ಮಾತು ಶುರುಮಾಡುತ್ತಾಳೆ. ಕೆಫೀನ್ ತೆಗೆದ ಸ್ಯಾಂಕಾ ಕಾಫಿ ಕುಡಿಯಿರಿ, ನಿದ್ದೆ ಕೆಡುವುದಿಲ್ಲ ಎನ್ನುತ್ತಾಳೆ. ಹೇಳಿ ಮುಗಿಸಿ ಮನೆಯೊಳಕ್ಕೆ ತಿರುಗುತ್ತಾಳೆ. ಅವಳ ಜೊತೆ ನಾವೂ ಒಳಗೆ ಹೋಗುತ್ತೇವೆ. ಕಥೆ ಶುರು.

ಇದು ‘ದಿ ಗೋಲ್ಡ್‌ಬರ್ಗ್ಸ್’. 1949ರ ಜನವರಿಯಲ್ಲಿ ಸಿಬಿಎಸ್ ಎಂಬ ಅಮೆರಿಕದ ಟಿವಿ ವಾಹಿನಿಯಲ್ಲಿ ಶುರುವಾದ ಧಾರಾವಾಹಿ. ಹೆಂಗಸಿನ ಹೆಸರು ಮೋಲಿ ಗೋಲ್ಡ್‌ಬರ್ಗ್. ವಿಳಾಸ: 1038, ಈಸ್ಟ್ ಟ್ರೆಮಾಂಟ್ ಅವೆನ್ಯೂ, ಬ್ರಾಂಕ್ಸ್, ನ್ಯೂಯಾರ್ಕ್. ಇದೇ ಹೆಸರಿನ ಇನ್ನೊಂದು ಧಾರಾವಾಹಿ 2013ರಿಂದ 2023ರವರೆಗೆ ಎಬಿಸಿಯಲ್ಲಿ ಬಂತು. ಎರಡಕ್ಕೂ ಸಂಬಂಧವಿಲ್ಲ. ಹುಡುಕುವಾಗ ಹೊಸದೇ ಮೊದಲು ಸಿಗುತ್ತದೆ, ಹಳೆಯದು ಎಲ್ಲೋ ಅಡಿಯಲ್ಲಿ ಸಿಕ್ಕಿಕೊಂಡಿರುತ್ತದೆ.

ಈಗ ಇದನ್ನು ಯಾಕೆ ನೆನೆಯಬೇಕು? ಕೆಲವು ವರ್ಷಗಳಿಂದ ಅಮೆರಿಕದಲ್ಲಿ ಒಂದು ಚರ್ಚೆ ಬಿಸಿಯಾಗಿದೆ. ಪರದೆಯ ಮೇಲೆ ಯಹೂದಿಗಳನ್ನು ಹೇಗೆ ತೋರಿಸುತ್ತಿದ್ದಾರೆ, ಯಾರು ಆ ಪಾತ್ರ ಮಾಡುತ್ತಿದ್ದಾರೆ ಎಂಬ ಚರ್ಚೆ. ‘ದಿ ಮಾರ್ವಲಸ್ ಮಿಸೆಸ್ ಮೇಸಲ್’ ಧಾರಾವಾಹಿಯ ಯಹೂದಿ ನಾಯಕಿಯ ಪಾತ್ರ ಮಾಡಿದ ರೇಚಲ್ ಬ್ರಾಸ್ನಹನ್ ಯಹೂದಿಯಲ್ಲ ಎಂದು ತಕರಾರು ಬಂತು. 2024ರ ಸೆಪ್ಟೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ನೋಬಡಿ ವಾಂಟ್ಸ್ ದಿಸ್’ನಲ್ಲಿ ಒಬ್ಬ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಯಹೂದಿಯಲ್ಲದ ಹುಡುಗಿಯನ್ನು ಪ್ರೀತಿಸುತ್ತಾನೆ. ಹುಡುಗ ತುಂಬಾ ಚೆನ್ನಾಗಿದ್ದಾನೆ, ಆದರೆ ಅವನ ಮನೆಯ ಹೆಂಗಸರನ್ನೆಲ್ಲ ಜಗಳಗಂಟಿಯರ ಹಾಗೆ ತೋರಿಸಿದ್ದಾರೆ ಎಂದು ಯಹೂದಿ ಬರಹಗಾರ್ತಿಯರು ಬೇಸರಪಟ್ಟರು. ಬೇಸರ ನ್ಯಾಯವಾದದ್ದೇ. ಆದರೆ ಈ ಜಗಳದ ಬೇರು ಎಪ್ಪತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ಟಿವಿ ಹುಟ್ಟಿದಾಗ ಅದರಲ್ಲಿ ಒಂದು ಪೂರ್ತಿ ಯಹೂದಿ ಮನೆ ಇತ್ತು. ಜನ ಅದನ್ನು ಇಷ್ಟಪಟ್ಟಿದ್ದರು. ಅದು ಹೋದದ್ದು ಜನ ಬೇಡ ಎಂದದ್ದರಿಂದ ಮಾತ್ರ ಎಂದು ನನಗೆ ಅನ್ನಿಸುವುದಿಲ್ಲ. ದುಡ್ಡು ಹಾಕುತ್ತಿದ್ದವರ ಪುಕ್ಕಲುತನ ಅದರಲ್ಲಿ ದೊಡ್ಡ ಪಾಲು ಪಡೆದಿದೆ.

ಆ ಮನೆಯನ್ನು ಕಟ್ಟಿದವರು ಗರ್ಟ್ರೂಡ್ ಬರ್ಗ್. ಹುಟ್ಟಿದಾಗಿನ ಹೆಸರು ಟಿಲ್ಲಿ ಎಡೆಲ್‌ಸ್ಟೈನ್. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1899ರ ಸುಮಾರಿಗೆ ಹುಟ್ಟಿದವರು. ತಂದೆ ಕ್ಯಾಟ್‌ಸ್ಕಿಲ್ ಬೆಟ್ಟಗಳ ಫ್ಲೈಶ್ಮನ್ಸ್ ಎಂಬ ಊರಿನಲ್ಲಿ ಬೇಸಿಗೆಯ ಹೋಟೆಲ್ ನಡೆಸುತ್ತಿದ್ದರು. ಮಳೆ ಬಂದು ಅತಿಥಿಗಳು ಬೇಜಾರಿನಿಂದ ಕೂತಾಗ ಹುಡುಗಿ ಟಿಲ್ಲಿ ಚಿಕ್ಕ ಚಿಕ್ಕ ಪ್ರಹಸನ ಬರೆದು ಆಡಿಸುತ್ತಿದ್ದಳು. ಬರ್ಗ್ ಕಲಿತ ಶಾಲೆ ಅದೇ ಎನ್ನಬಹುದು. ಆ ಮನೆಯಲ್ಲಿ ದುಃಖವೂ ಇತ್ತು. ಒಡಹುಟ್ಟಿದ ಹುಡುಗ ಚಿಕ್ಕಂದಿನಲ್ಲೇ ಡಿಫ್ತೀರಿಯಾದಿಂದ ತೀರಿಕೊಂಡ. ತಾಯಿ ಆ ಪೆಟ್ಟಿನಿಂದ ಮೇಲೇಳಲೇ ಇಲ್ಲ. ಮುಂದೆ ಬರ್ಗ್ ಬರೆದ ಮೋಲಿ ಎಂಬ ತಾಯಿ ಯಾವ ಕಷ್ಟ ಬಂದರೂ ಮುರಿಯುವುದಿಲ್ಲ. ಇಡೀ ವಠಾರದ ಕಷ್ಟವನ್ನು ತನ್ನ ಅಡುಗೆಮನೆಗೆ ತಂದು ಬಿಡಿಸುತ್ತಾಳೆ. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಮನಸ್ಸು ಭಾರವಾಗುತ್ತದೆ.

ರೇಡಿಯೊದಲ್ಲಿ ಗೋಲ್ಡ್‌ಬರ್ಗ್ ಮನೆ ಮೊದಲ ಸಲ ಕೇಳಿಸಿದ್ದು 1929ರ ನವೆಂಬರ್ 20ರಂದು, ಎನ್‌ಬಿಸಿಯಲ್ಲಿ. ಷೇರುಪೇಟೆ ಕುಸಿದು ಇನ್ನೂ ಒಂದು ತಿಂಗಳಾಗಿರಲಿಲ್ಲ. ಊರೆಲ್ಲ ಕೆಲಸ ಕಳೆದುಕೊಳ್ಳುವ ಭಯದಲ್ಲಿದ್ದಾಗ, ಬಾಡಿಗೆ ಕಟ್ಟಲು ಒದ್ದಾಡುವ ಒಂದು ಮನೆಯ ಹದಿನೈದು ನಿಮಿಷದ ಮಾತುಕತೆ ಗಾಳಿಯಲ್ಲಿ ಬಂತು. ಗಂಡ ಜೇಕ್ ಬಟ್ಟೆ ಹೊಲಿಸುವ ಧಂದೆಯವನು. ಮಗ ಸ್ಯಾಮಿ, ಮಗಳು ರೋಸಲಿ, ಜೊತೆಗೆ ಡೇವಿಡ್ ಮಾವ. ಬರ್ಗ್ ತಾವೇ ಬರೆಯುತ್ತಿದ್ದರು, ತಾವೇ ಮೋಲಿಯಾಗುತ್ತಿದ್ದರು. ಮೊಟ್ಟೆ ಒಡೆಯುವ ಸದ್ದು ಬೇಕಾದರೆ ಸ್ಟುಡಿಯೊದಲ್ಲಿ ನಿಜವಾಗಿಯೂ ಮೊಟ್ಟೆ ಒಡೆಯಬೇಕಿತ್ತು, ಅಂಥ ಹಟ. ನಡುವೆ ಸ್ವಲ್ಪ ಕಾಲ ನಿಂತಿದ್ದು ಬಿಟ್ಟರೆ 1945ರವರೆಗೂ ಅದು ಓಡಿತು. ಮೋಲಿ ಕಿಟಕಿಯಿಂದ ‘ಯೂ-ಹೂ, ಮಿಸೆಸ್ ಬ್ಲೂಮ್!’ ಎಂದು ಎದುರುಮನೆಯವಳನ್ನು ಕರೆಯುವ ಕೂಗು ಅಮೆರಿಕದಲ್ಲಿ ಮನೆಮಾತಾಯಿತು.

ಆ ಕೂಗಿನ ಹಿಂದೆ ಒಂದು ಊರೇ ಇದೆ. 1880ರ ದಶಕದಿಂದ 1924ರವರೆಗೆ ರಷ್ಯಾ, ಪೋಲೆಂಡ್, ಉಕ್ರೇನ್ ಕಡೆಯಿಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಯಹೂದಿಗಳು ಅಮೆರಿಕಕ್ಕೆ ಬಂದರು. 1924ರ ಕಾನೂನು ಆ ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿಬಿಟ್ಟಿತು. ಬಂದವರಲ್ಲಿ ಬಹಳಷ್ಟು ಮಂದಿ ಮೊದಲು ಮ್ಯಾನ್‌ಹಟನ್‌ನ ಲೋಯರ್ ಈಸ್ಟ್ ಸೈಡ್‌ನ ಇಕ್ಕಟ್ಟಿನಲ್ಲಿ ಬದುಕಿದರು. ಸ್ವಲ್ಪ ಕಾಸು ಕೂಡಿದ ಮೇಲೆ ಬ್ರಾಂಕ್ಸ್‌ಗೆ ಹೋದರು. 1930ರ ಹೊತ್ತಿಗೆ ಬ್ರಾಂಕ್ಸ್‌ನಲ್ಲಿ ಅರ್ಧದ ಹತ್ತಿರ ಯಹೂದಿಗಳೇ. ಎತ್ತರದ ಕಟ್ಟಡಗಳು, ನಡುವೆ ಗಾಳಿಬೆಳಕಿಗೆ ಬಿಟ್ಟ ಕಿರಿದಾದ ಜಾಗ, ಎದುರುಬದುರು ಅಡುಗೆಮನೆ ಕಿಟಕಿಗಳು. ಸಕ್ಕರೆ ಸಾಲದಿಂದ ಹಿಡಿದು ಮಗಳ ಮದುವೆಯ ಸುದ್ದಿಯವರೆಗೆ ಎಲ್ಲವೂ ಆ ಕಿಟಕಿಗಳಲ್ಲೇ ದಾಟುತ್ತಿತ್ತು. ವಠಾರದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಭಾಷೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಮನೆಯ ಇಡೀ ಚರಿತ್ರೆ ಅಲ್ಲಿದೆ. ಈ ಜನರ ತಾಯಿಮಾತು ಯಿಡ್ಡಿಶ್. ಜರ್ಮನ್ ಮೂಲದ ಮಾತು, ಒಳಗೆ ಹೀಬ್ರೂ ಮತ್ತು ಸ್ಲಾವ್ ಪದಗಳು, ಬರೆಯುವುದು ಹೀಬ್ರೂ ಲಿಪಿಯಲ್ಲಿ. ಮೋಲಿ ಆಡುವುದು ಇಂಗ್ಲಿಷ್, ಆದರೆ ವಾಕ್ಯದ ಕಟ್ಟು ಯಿಡ್ಡಿಶಿನದು. ಬಾಗಿಲು ತಟ್ಟಿದರೆ ‘ಯಾರಾದರೂ ಸರಿ, ಒಳಗೆ ಬನ್ನಿ’ ಎನ್ನುತ್ತಾಳೆ. ಫ್ರಿಜ್ಜಿನಲ್ಲಿ ಏನಿದೆ ನೋಡು ಎನ್ನಲು ‘ಐಸ್ ಪೆಟ್ಟಿಗೆಯೊಳಗೆ ಒಂದು ಕಣ್ಣು ಎಸೆ’ ಎಂಬ ಧಾಟಿಯಲ್ಲಿ ಹೇಳುತ್ತಾಳೆ. ಮಕ್ಕಳಾದ ಸ್ಯಾಮಿ ಮತ್ತು ರೋಸಲಿ ಮಾತ್ರ ಶುದ್ಧ ಅಮೆರಿಕನ್ ಇಂಗ್ಲಿಷ್ ಆಡುತ್ತಾರೆ. ಒಂದೇ ಊಟದ ಮೇಜಿನಲ್ಲಿ ಮೂರು ತಲೆಮಾರು, ಮೂರು ಉಚ್ಚಾರ. ಡೇವಿಡ್ ಮಾವನದು ಹಡಗಿನಿಂದ ಈಗ ತಾನೇ ಇಳಿದವನ ಇಂಗ್ಲಿಷ್. ಜನ ನಕ್ಕರು, ನಿಜ. ಆದರೆ ಆ ಮಾತಾಡುವವಳೇ ಮನೆಯಲ್ಲಿ ಎಲ್ಲರಿಗಿಂತ ಬುದ್ಧಿವಂತೆ. ತಪ್ಪು ಇಂಗ್ಲಿಷ್‌ನಲ್ಲೇ ಸರಿಯಾದ ತೀರ್ಮಾನ ಹೇಳುತ್ತಾಳೆ. ನನಗೆ ಇದು ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ. ಉಚ್ಚಾರ ಬೇರೆಯಾದವರನ್ನು ದಡ್ಡರನ್ನಾಗಿ ತೋರಿಸುವ ಚಾಳಿ ಎಲ್ಲ ಭಾಷೆಯ ಟಿವಿಯಲ್ಲೂ ಇದೆ. ಬರ್ಗ್ ಅದನ್ನು ಮಾಡಲಿಲ್ಲ.

ಯಹೂದಿತನವನ್ನು ಅವರು ಭಾಷಣದಲ್ಲಿ ತರಲಿಲ್ಲ, ಮನೆಯ ಕೆಲಸದಲ್ಲಿ ತಂದರು. 1939ರ ಏಪ್ರಿಲ್ 3ರ ಎಪಿಸೋಡ್ ಇದಕ್ಕೆ ಸಾಕ್ಷಿ. ಪಾಸೋವರ್ ಹಬ್ಬ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿಗೆ ಮಾಡುವ ಹಬ್ಬ. ಮನೆಯವರೆಲ್ಲ ಸೆಡರ್ ಎಂಬ ಹಬ್ಬದ ಊಟಕ್ಕೆ ಕೂತು ಪ್ರಾರ್ಥನೆ ಓದುತ್ತಿದ್ದಾರೆ. ಇದ್ದಕ್ಕಿದ್ದಂತೆ ಕಿಟಕಿಯ ಗಾಜು ಒಡೆಯುತ್ತದೆ. ಯಾರೋ ಕಲ್ಲು ಎಸೆದಿದ್ದಾರೆ. ಜರ್ಮನಿಯಲ್ಲಿ ನಾಜಿಗಳು ಯಹೂದಿಗಳ ಅಂಗಡಿ, ಮಂದಿರಗಳನ್ನು ಒಡೆದು ಸುಟ್ಟ ‘ಒಡೆದ ಗಾಜಿನ ರಾತ್ರಿ’ ನಡೆದು ಆಗ ಐದು ತಿಂಗಳೂ ಆಗಿರಲಿಲ್ಲ. ಕೇಳುಗರಿಗೆ ಆ ಸದ್ದಿನ ಅರ್ಥ ಗೊತ್ತಿತ್ತು. ಮೋಲಿ ಮಕ್ಕಳನ್ನು ಸಮಾಧಾನಪಡಿಸುತ್ತಾಳೆ. ಜೇಕ್‌ಗೆ ಪ್ರಾರ್ಥನೆ ಮುಂದುವರಿಸು ಎನ್ನುತ್ತಾಳೆ. ಊಟ ಮುಂದುವರಿಯುತ್ತದೆ. ಹಿಟ್ಲರ್ ಹೆಸರು ಹಿಡಿದು ಯಾರೂ ಕೂಗಾಡುವುದಿಲ್ಲ. ಒಂದು ಗಾಜಿನ ಸದ್ದು, ಮತ್ತೆ ಹಬ್ಬದ ಊಟ. ಇಷ್ಟನ್ನು ದೇಶಕ್ಕೆಲ್ಲ ಕೇಳುವ ರೇಡಿಯೊದಲ್ಲಿ ಮಾಡಲು ಎಷ್ಟು ಧೈರ್ಯ ಬೇಕಿತ್ತು ಅಂತ ಯೋಚಿಸಿ ನೋಡಿ.

ಟಿವಿಗೆ ಬಂದ ಮೇಲೆಯೂ ಇದು ಉಳಿಯಿತು. ಯೋಮ್ ಕಿಪ್ಪುರ್ ಯಹೂದಿಗಳಿಗೆ ಉಪವಾಸದ, ಪಶ್ಚಾತ್ತಾಪದ ದಿನ. ಆ ದಿನದ ಎಪಿಸೋಡಿನಲ್ಲಿ ಸಿನಗಾಗ್‌ನೊಳಗೆ, ಅಂದರೆ ಯಹೂದಿ ಮಂದಿರದೊಳಗೆ, ‘ಕೋಲ್ ನಿಡ್ರೇ’ ಪ್ರಾರ್ಥನೆಯನ್ನು ಹಾಡಿ ತೋರಿಸಿದರು. ಹಾಸ್ಯ ಧಾರಾವಾಹಿಯಲ್ಲಿ ನಗು ನಿಲ್ಲಿಸಿ ಒಂದು ಪ್ರಾರ್ಥನೆ! ಬಾಡಿಗೆ ಏರಿಸಿದ ಮನೆಮಾಲೀಕನ ವಿರುದ್ಧ ವಠಾರದವರು ಎದ್ದುನಿಲ್ಲುವ ಎಪಿಸೋಡೂ 1949ರಲ್ಲಿ ಬಂತು. 1951ರ ಜನವರಿಯಲ್ಲಿ ಬರ್ಗ್ ಅವರಿಗೆ ಅತ್ಯುತ್ತಮ ನಟಿ ಎಂದು ಟಿವಿ ಕೆಲಸಕ್ಕೆ ಕೊಡುವ ಎಮ್ಮಿ ಪ್ರಶಸ್ತಿ ಸಿಕ್ಕಿತು. ಆ ವಿಭಾಗದಲ್ಲಿ ಅದು ಮೊಟ್ಟಮೊದಲನೆಯದು.

ಆಗ ಟಿವಿ ನಡೆಯುತ್ತಿದ್ದ ರೀತಿ ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇವತ್ತಿನ ಹಾಗೆ ಹತ್ತು ಕಂಪನಿಗಳ ಜಾಹೀರಾತು ನಡುನಡುವೆ ಬರುತ್ತಿರಲಿಲ್ಲ. ಸಾಮಾನ್ಯವಾಗಿ ಒಂದು ಕಾರ್ಯಕ್ರಮಕ್ಕೆ ಒಬ್ಬನೇ ಪ್ರಾಯೋಜಕ. ಮನೆಯ ಕಂಬವೂ ಅವನದೇ, ಬೀಗವೂ ಅವನದೇ. ಗೋಲ್ಡ್‌ಬರ್ಗ್ಸ್‌ಗೆ ಆ ಪ್ರಾಯೋಜಕ ಜನರಲ್ ಫುಡ್ಸ್, ಸ್ಯಾಂಕಾ ಕಾಫಿಯ ಮಾಲೀಕರು. ಆದ್ದರಿಂದಲೇ ಮೋಲಿ ಕಿಟಕಿಯಿಂದ ಮೊದಲು ಕಾಫಿ ಮಾರಿ ಆಮೇಲೆ ಕಥೆ ಹೇಳುತ್ತಾಳೆ. ಮಾರುವುದು ಜಾಹೀರಾತಿನಲ್ಲಷ್ಟೇ ಇರಲಿಲ್ಲ. ಒಂದು ಎಪಿಸೋಡಿನಲ್ಲಿ ಕೈಯಲ್ಲಿ ದುಡ್ಡಿಲ್ಲದೆ ಕಂತಿನ ಮೇಲೆ ಸಾಮಾನು ಕೊಳ್ಳುವುದು ಮೋಲಿಗೆ ಇಷ್ಟವಿಲ್ಲ. ಹಳೆಯ ಕಾಲದ, ಕಷ್ಟ ಕಂಡ ಹೆಂಗಸಿನ ಎಚ್ಚರ ಅದು. ಮನೆಯವರು ಅವಳ ಮನಸ್ಸು ಬದಲಾಯಿಸುತ್ತಾರೆ. ಸಾಲ ಮಾಡಿಯಾದರೂ ಚೆನ್ನಾಗಿ ಬದುಕುವುದೇ ಅಮೆರಿಕದ ದಾರಿ ಎಂದು ಅವಳೂ ಒಪ್ಪುತ್ತಾಳೆ. ಹಳೆ ಊರಿನಿಂದ ತಂದ ಒಂದು ಬುದ್ಧಿಯನ್ನು ಅಲ್ಲೇ, ಮೇಜಿನ ಮೇಲೇ, ಬಿಟ್ಟುಕೊಡುತ್ತಾಳೆ.

ಈಗ ಫಿಲಿಪ್ ಲೋಬ್ ವಿಷಯ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವುದು ಇದೇ.

ಲೋಬ್ ಟಿವಿಯಲ್ಲಿ ಜೇಕ್ ಆಗಿದ್ದರು. ಅದಕ್ಕೂ ಮೊದಲು, 1948ರಲ್ಲಿ, ನ್ಯೂಯಾರ್ಕಿನ ನಾಟಕ ಬೀದಿಯಾದ ಬ್ರಾಡ್‌ವೇಯಲ್ಲಿ ಬಂದ ‘ಮಿ ಆ್ಯಂಡ್ ಮೋಲಿ’ ನಾಟಕದಲ್ಲೂ ಅದೇ ಪಾತ್ರ. ಒಳ್ಳೆಯ ನಟ. ನಟರ ಸಂಘವಾದ ಆ್ಯಕ್ಟರ್ಸ್ ಇಕ್ವಿಟಿಯಲ್ಲಿ ಹಳೆಯ ಹೋರಾಟಗಾರ. ತಾಲೀಮಿನ ದಿನಗಳಿಗೂ ನಟರಿಗೆ ಸಂಬಳ ಕೊಡಬೇಕು ಎಂದು ಜಗಳ ಮಾಡಿದವರಲ್ಲಿ ಒಬ್ಬರು. 1950ರ ಜೂನ್‌ನಲ್ಲಿ ‘ರೆಡ್ ಚಾನೆಲ್ಸ್’ ಎಂಬ ಪುಸ್ತಿಕೆ ಹೊರಬಂತು. ರೇಡಿಯೊ, ಟಿವಿಯಲ್ಲಿ ಕೆಲಸ ಮಾಡುವ 151 ಜನರ ಹೆಸರು ಅದರಲ್ಲಿತ್ತು. ಇವರೆಲ್ಲ ಕಮ್ಯುನಿಸ್ಟರ ಕಡೆಯವರು ಎಂಬ ಆರೋಪ. ಯಾವ ಸಭೆಗೆ ಹೋಗಿದ್ದರು, ಯಾವ ಮನವಿಗೆ ಸಹಿ ಹಾಕಿದ್ದರು ಎಂಬುದೇ ಪುರಾವೆ. ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ, ಮೇಲ್ಮನವಿ ಇಲ್ಲ. ಲೋಬ್ ಹೆಸರೂ ಇತ್ತು. ತಾನು ಕಮ್ಯುನಿಸ್ಟ್ ಪಕ್ಷದವನಲ್ಲ ಎಂದು ಅವರು ಹೇಳಿದರು. ಕೇಳುವವರು ಯಾರು?

ಪುಸ್ತಿಕೆ ಬಂದ ಕೆಲವೇ ವಾರಗಳಲ್ಲಿ, 1950ರ ಆಗಸ್ಟ್‌ನಲ್ಲಿ, ಜನರಲ್ ಫುಡ್ಸ್ ತನ್ನದೇ ಇನ್ನೊಂದು ಧಾರಾವಾಹಿ ‘ದಿ ಆಲ್ಡ್ರಿಚ್ ಫ್ಯಾಮಿಲಿ’ಯಿಂದ ನಟಿ ಜೀನ್ ಮ್ಯೂರ್ ಅವರನ್ನು ತೆಗೆದುಹಾಕಿತ್ತು. ಒಂದಷ್ಟು ಫೋನ್ ಕರೆ ಬಂದದ್ದೇ ಸಾಕಾಯಿತು. ಆಮೇಲೆ ಲೋಬ್ ಸರದಿ. ಬರ್ಗ್‌ಗೆ ಅವರನ್ನು ಬಿಡಿ ಎಂದರು. ಬರ್ಗ್ ಆಗಲ್ಲ ಎಂದರು. ಒತ್ತಾಯಿಸಿದರೆ ಜನರ ಮುಂದೆ ಬಂದು ಎಲ್ಲ ಹೇಳುತ್ತೇನೆ ಎಂದರು. ಕಂಪನಿ ಸ್ವಲ್ಪ ಕಾಲ ಸುಮ್ಮನಾಯಿತು. ಆದರೆ 1951ರಲ್ಲಿ ಧಾರಾವಾಹಿಯನ್ನೇ ಕೈಬಿಟ್ಟಿತು. ಪ್ರಶಸ್ತಿ ಬಂದ ವರ್ಷವೇ ಸಿಬಿಎಸ್‌ನಲ್ಲಿ ಅದು ನಿಂತಿತು.

ಬೇರೆ ಪ್ರಾಯೋಜಕರೂ ಲೋಬ್ ಇರುವವರೆಗೆ ಹತ್ತಿರ ಬರಲಿಲ್ಲ. ಧಾರಾವಾಹಿ ನಿಂತರೆ ಬೀದಿಗೆ ಬೀಳುವವರು ಲೋಬ್ ಒಬ್ಬರೇ ಅಲ್ಲ. ಇತರ ನಟರು, ಕ್ಯಾಮೆರಾದವರು, ಅವರ ಮನೆಯವರು ಇದ್ದಾರೆ. 1952ರ ಜನವರಿಯಲ್ಲಿ ಲೋಬ್ ಪರಿಹಾರದ ಹಣಕ್ಕೆ ಒಪ್ಪಿ ಹೊರನಡೆದರು. ಮುಂದಿನ ತಿಂಗಳೇ ಗೋಲ್ಡ್‌ಬರ್ಗ್ ಮನೆ ಎನ್‌ಬಿಸಿಯಲ್ಲಿ ಮತ್ತೆ ತೆರೆಯಿತು. ಜೇಕ್ ಪಾತ್ರಕ್ಕೆ ಬೇರೆ ನಟ ಬಂದರು. ಬರ್ಗ್ ಸೋತರು ಎಂದು ಕೆಲವರು ಬರೆದಿದ್ದಾರೆ. ಹದಿನೆಂಟು ತಿಂಗಳ ಹತ್ತಿರ ಒಬ್ಬ ಹೆಂಗಸು ಒಂದು ದೊಡ್ಡ ಕಂಪನಿಯನ್ನು ಎದುರಿಸಿ ನಿಂತದ್ದನ್ನು ನಾನು ಸೋಲು ಎಂದು ಕರೆಯಲಾರೆ. ಆ ಕಾಲದಲ್ಲಿ ಅಷ್ಟು ನಿಂತವರು ಕಡಿಮೆ.

ಲೋಬ್‌ಗೆ ಮಾನಸಿಕ ಕಾಯಿಲೆಯ ಮಗನಿದ್ದ. ಖಾಸಗಿ ಆಸ್ಪತ್ರೆಯಲ್ಲಿ ಆರೈಕೆ ನಡೆಯುತ್ತಿತ್ತು. ಕೆಲಸ ಹೋದ ಮೇಲೆ ಖರ್ಚು ಭರಿಸಲಾಗಲಿಲ್ಲ, ಮಗನನ್ನು ಸರ್ಕಾರಿ ಸಂಸ್ಥೆಗೆ ಸೇರಿಸಬೇಕಾಯಿತು. 1955ರ ಸೆಪ್ಟೆಂಬರ್ 1ರಂದು ಮ್ಯಾನ್‌ಹಟನ್‌ನ ಟ್ಯಾಫ್ಟ್ ಹೋಟೆಲಿನ ಕೋಣೆಯಲ್ಲಿ ನಿದ್ದೆ ಮಾತ್ರೆ ನುಂಗಿ ಅವರು ಪ್ರಾಣ ಬಿಟ್ಟರು.

ಬರ್ಗ್ ಒಮ್ಮೆ ಒಬ್ಬ ಬರಹಗಾರನಿಗೆ ಹೇಳಿದ್ದರು, ಜನರಿಗೆ ಕಿರಿಕಿರಿಯಾಗುವ ಯಾವುದನ್ನೂ ನಾನು ಎತ್ತುವುದಿಲ್ಲ ಎಂದು. ಕಾರ್ಮಿಕ ಸಂಘ, ರಾಜಕೀಯ, ಸಮಾಜವಾದ, ಯಹೂದಿಗಳಿಗೆ ತಮ್ಮದೇ ದೇಶ ಬೇಕೆನ್ನುವ ಜಿಯಾನಿಸಂ, ಇವುಗಳಿಗೆ ತಮ್ಮ ಕಥೆಯಲ್ಲಿ ಒತ್ತು ಕೊಡುವುದಿಲ್ಲ ಎಂದು ಪಟ್ಟಿ ಮಾಡಿದ್ದರು. ಅಷ್ಟು ಹುಷಾರಾಗಿದ್ದ ಮನೆಗೇ ರಾಜಕೀಯ ಹೀಗೆ ನುಗ್ಗಿತು.

ಲೋಬ್ ತೀರಿಕೊಂಡ ಅದೇ ಶರತ್ಕಾಲದಲ್ಲಿ ಗೋಲ್ಡ್‌ಬರ್ಗ್ ಕುಟುಂಬ ಮನೆ ಬದಲಾಯಿಸಿತು. ಬ್ರಾಂಕ್ಸ್ ಬಿಟ್ಟು ಹ್ಯಾವರ್‌ವಿಲ್ ಎಂಬ ಕಾಲ್ಪನಿಕ ಉಪನಗರಕ್ಕೆ ಹೋದರು. ಒಂಟಿ ಮನೆ, ಹುಲ್ಲುಹಾಸು. ನ್ಯಾಯವಾಗಿ ಹೇಳಬೇಕೆಂದರೆ ಇದು ಬರಿ ಟಿವಿಯವರ ಕಲ್ಪನೆಯಲ್ಲ. ಎರಡನೇ ಮಹಾಯುದ್ಧದ ನಂತರ ಬ್ರಾಂಕ್ಸ್‌ನ ಎಷ್ಟೋ ಯಹೂದಿ ಮನೆಗಳು ನಿಜವಾಗಿಯೂ ಲಾಂಗ್ ಐಲೆಂಡ್, ವೆಸ್ಟ್‌ಚೆಸ್ಟರ್ ಕಡೆಗೆ ಹೊರಟಿದ್ದವು. ಆದರೂ ಬೇರೆ ಬೇರೆ ನಿಂತ ಮನೆಗಳ ಊರಿನಲ್ಲಿ ‘ಯೂ-ಹೂ’ ಎಂಬ ಕೂಗಿಗೆ ಮೊದಲಿನ ಜೀವ ಎಲ್ಲಿಂದ ಬರಬೇಕು? ಆ ವರ್ಷದ ಒಂದು ಎಪಿಸೋಡಿನಲ್ಲಿ ಮೋಲಿಯ ಗೆಫಿಲ್ಟೆ ಫಿಶ್, ಅಂದರೆ ಅರೆದ ಮೀನಿನ ಉಂಡೆಯ ಹಬ್ಬದ ಅಡುಗೆ, ಸೂಪರ್‌ಮಾರ್ಕೆಟ್‌ನಲ್ಲಿ ಮಾರುವ ಸರಕಾಗುವ ಮಾತು ಬರುತ್ತದೆ. ಇನ್ನೊಂದರಲ್ಲಿ ಮಗಳು ರೋಸಲಿ ಮೂಗಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕು ಎನ್ನುತ್ತಾಳೆ. ಆ ಕಾಲದ ಯಹೂದಿ ಹುಡುಗಿಗೆ ಮೂಗು ತಿದ್ದಿಸಿಕೊಳ್ಳುವುದು ಎಂದರೆ ಏನು ಎಂಬುದು ನೋಡುವವರಿಗೆ ಗೊತ್ತೇ ಇತ್ತು. ಎಲ್ಲರ ಹಾಗೆ ಕಾಣಬೇಕು, ಅಷ್ಟೇ. ಆ ಆಸೆಯ ಹಿಂದಿನ ಸಂಕಟವನ್ನು ಬರ್ಗ್ ಆಗಲೂ ಬಿಡದೆ ಮನೆಯೊಳಗೆ ತಂದರು. 1956ರ ಹೊತ್ತಿಗೆ ಧಾರಾವಾಹಿ ಮುಗಿದಿತ್ತು.

ಪ್ರಾಯೋಜಕರನ್ನು ಮಾತ್ರ ಬೈದರೆ ಪೂರ್ತಿ ಸತ್ಯ ಹೇಳಿದಂತಾಗುವುದಿಲ್ಲ. 1950ರಲ್ಲಿ ಅಮೆರಿಕದ ನೂರು ಮನೆಗಳಲ್ಲಿ ಸುಮಾರು ಒಂಬತ್ತರಲ್ಲಿ ಮಾತ್ರ ಟಿವಿ ಇತ್ತು. ಅವು ಹೆಚ್ಚಾಗಿ ನ್ಯೂಯಾರ್ಕಿನಂಥ ದೊಡ್ಡ ನಗರಗಳಲ್ಲೇ ಇದ್ದವು. ಹೊಸ ಟಿವಿ ಕೇಂದ್ರಗಳಿಗೆ ಪರವಾನಗಿ ಕೊಡುವುದನ್ನು ಸರ್ಕಾರ 1948ರಲ್ಲಿ ತಡೆಹಿಡಿದಿತ್ತು, 1952ರಲ್ಲಿ ಆ ತಡೆ ತೆಗೆಯಿತು. 1955ರ ಹೊತ್ತಿಗೆ ನೂರರಲ್ಲಿ ಅರವತ್ತಕ್ಕೂ ಹೆಚ್ಚು ಮನೆಗಳಿಗೆ ಟಿವಿ ಬಂದಿತ್ತು. ಯಹೂದಿಗಳನ್ನೇ ನೋಡಿರದ ಸಣ್ಣ ಊರುಗಳೂ ಈಗ ಗಿರಾಕಿಗಳು. ಜೊತೆಗೆ 1951ರ ಅಕ್ಟೋಬರ್ 15ರಂದು ‘ಐ ಲವ್ ಲೂಸಿ’ ಶುರುವಾಯಿತು. ಅದನ್ನು ಹಾಲಿವುಡ್‌ನಲ್ಲಿ ಫಿಲ್ಮ್ ಮೇಲೆ ಚಿತ್ರೀಕರಿಸುತ್ತಿದ್ದರು. ನ್ಯೂಯಾರ್ಕಿನಿಂದ ನೇರ ಪ್ರಸಾರವಾಗುತ್ತಿದ್ದ ಹಾಸ್ಯ ಧಾರಾವಾಹಿಗಳು ಒಂದೊಂದಾಗಿ ಕ್ಯಾಲಿಫೋರ್ನಿಯಾಕ್ಕೆ ಹೊರಟವು. ನಾರ್ವೆ ಮೂಲದ ಮನೆಯ ‘ಮಾಮಾ’, ಇಟಲಿಯವನ ‘ಲೈಫ್ ವಿತ್ ಲೂಯಿಜಿ’, ಇಂಥವೂ ಐವತ್ತರ ದಶಕ ಮುಗಿಯುವಷ್ಟರಲ್ಲಿ ಇರಲಿಲ್ಲ. ಅವುಗಳ ಜಾಗಕ್ಕೆ ‘ಫಾದರ್ ನೋಸ್ ಬೆಸ್ಟ್’, ‘ಲೀವ್ ಇಟ್ ಟು ಬೀವರ್’ ಬಂದವು. ಅಪ್ಪ-ಅಮ್ಮ ಎಲ್ಲಿಂದ ಬಂದವರು ಎಂಬ ಪ್ರಶ್ನೆಯೇ ಏಳದ ಮನೆಗಳು.

ಯಹೂದಿಗಳು ಟಿವಿಯಿಂದ ಹೋಗಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಮಾತು. ಬರೆಯುವವರು, ನಿರ್ಮಿಸುವವರು, ನಗಿಸುವವರು ಇದ್ದೇ ಇದ್ದರು. ಜ್ಯಾಕ್ ಬೆನ್ನಿಯ ಮನೆಹೆಸರು ಕುಬೆಲ್ಸ್ಕಿ. ಜಾರ್ಜ್ ಬರ್ನ್ಸ್ ಹುಟ್ಟಾ ನೇಥನ್ ಬರ್ನ್‌ಬಾಮ್. ಇಬ್ಬರೂ ತಮ್ಮ ಹೆಸರಿನ ಧಾರಾವಾಹಿಗಳಲ್ಲಿ ಮನೆಮಾತಾಗಿದ್ದರು. ಹೋದದ್ದು ಮನೆ. ಸೆಡರ್ ಮೇಜು, ಉಪವಾಸ, ಡೇವಿಡ್ ಮಾವ.

ಕಾರ್ಲ್ ರೈನರ್ ವಿಷಯ ನೋಡಿ. ಬ್ರಾಂಕ್ಸ್‌ನಲ್ಲಿ ಹುಟ್ಟಿದ ಯಹೂದಿ ಹುಡುಗ. ಹಾಸ್ಯನಟ ಸಿಡ್ ಸೀಸರ್ ಅವರ ಟಿವಿ ಕಾರ್ಯಕ್ರಮದಲ್ಲಿ ದುಡಿದ ತನ್ನದೇ ಬದುಕನ್ನು ಧಾರಾವಾಹಿಯಾಗಿ ಬರೆದರು, ತಾವೇ ನಾಯಕನಾಗಿ ಮೊದಲ ಎಪಿಸೋಡ್ ಮಾಡಿದರು. 1960ರಲ್ಲಿ ಅದು ಪ್ರಸಾರವಾಯಿತು, ಯಾರೂ ಕೊಳ್ಳಲಿಲ್ಲ. ಮರುವರ್ಷ ಅದೇ ಕಥೆ ‘ದಿ ಡಿಕ್ ವ್ಯಾನ್ ಡೈಕ್ ಶೋ’ ಆಗಿ ಬಂದು ಗೆದ್ದಿತು. ನಾಯಕ ರಾಬ್ ಪೆಟ್ರಿಯ ಊರು ಈಗ ಇಲಿನಾಯ್‌ನ ಡ್ಯಾನ್‌ವಿಲ್. ಬದುಕು ರೈನರ್ ಅವರದು, ಮುಖ ಬೇರೆಯವರದು. ಯಹೂದಿತನ ಪಕ್ಕದ ಪಾತ್ರಕ್ಕೆ ಸರಿಯಿತು. ಮೋರಿ ಆ್ಯಮ್‌ಸ್ಟರ್ಡ್ಯಾಮ್ ಮಾಡಿದ ಬಡಿ ಸೊರೆಲ್ ಎಂಬ ಮಾತಿನಮಲ್ಲ. ಐದು ವರ್ಷ ಅದು ಸುಳಿವಾಗಿಯೇ ಉಳಿಯಿತು. 1966ರಲ್ಲಿ, ಧಾರಾವಾಹಿ ಮುಗಿಯುವ ಹೊತ್ತಿಗೆ, ಬಡಿ ಕದ್ದುಮುಚ್ಚಿ ಎಲ್ಲಿಗೋ ಹೋಗುತ್ತಿದ್ದಾನೆ ಎಂದು ಗೆಳೆಯರಿಗೆ ಅನುಮಾನ ಬರುತ್ತದೆ. ಕೊನೆಗೆ ಗೊತ್ತಾಗುತ್ತದೆ: ಹುಡುಗನಾಗಿದ್ದಾಗ ದುಡಿಮೆಯಿಂದಾಗಿ ಬಿಟ್ಟುಹೋದ ಬಾರ್ ಮಿಟ್ಸ್‌ವಾವನ್ನು ಈಗ ಮಾಡಿಸಿಕೊಳ್ಳಲು ತಯಾರಾಗುತ್ತಿದ್ದಾನೆ. ಹದಿಮೂರಕ್ಕೆ ಆಗಬೇಕಾದ ಸಂಸ್ಕಾರ, ತಲೆಗೂದಲು ಉದುರುವ ವಯಸ್ಸಿನಲ್ಲಿ. ಆ ದೃಶ್ಯದಲ್ಲಿ ನಾನು ಪಾತ್ರವನ್ನು ಮಾತ್ರ ನೋಡುವುದಿಲ್ಲ. ಹತ್ತು ವರ್ಷ ಬಾಯಿ ಕಟ್ಟಿಕೊಂಡಿದ್ದ ಇಡೀ ಒಂದು ಬರಹಗಾರರ ತಲೆಮಾರು ಅಲ್ಲಿ ನಿಂತಂತೆ ಕಾಣುತ್ತದೆ.

ಆಮೇಲಿನದನ್ನು ಬೇಗ ಹೇಳುತ್ತೇನೆ. 1972ರಲ್ಲಿ ಸಿಬಿಎಸ್ ‘ಬ್ರಿಜೆಟ್ ಲವ್ಸ್ ಬರ್ನಿ’ ತಂದಿತು. ಯಹೂದಿ ಟ್ಯಾಕ್ಸಿ ಚಾಲಕ, ಕ್ಯಾಥೊಲಿಕ್ ಹುಡುಗಿ, ಮದುವೆ. ನೋಡುಗರ ಲೆಕ್ಕದಲ್ಲಿ ಆ ವರ್ಷ ಐದನೇ ಸ್ಥಾನ. ಅಂತರ್ಧರ್ಮೀಯ ಮದುವೆಯನ್ನು ಇಷ್ಟು ಹಗುರವಾಗಿ ತೋರಿಸಬೇಡಿ ಎಂದು ಯಹೂದಿ ಸಂಘಟನೆಗಳೇ ಪ್ರತಿಭಟಿಸಿದವು. ಒಂದೇ ವರ್ಷಕ್ಕೆ ಅದು ನಿಂತಿತು, ಪ್ರತಿಭಟನೆಗೂ ಇದಕ್ಕೂ ಸಂಬಂಧವಿಲ್ಲ ಎಂದು ವಾಹಿನಿ ಹೇಳಿತು. 1974ರಲ್ಲಿ ‘ರೋಡಾ’ ಬಂತು. ಅದರ ಯಹೂದಿ ನಾಯಕಿಯ ಮದುವೆಯನ್ನು ಐದು ಕೋಟಿಗೂ ಹೆಚ್ಚು ಜನ ನೋಡಿದರು. ಮದುಮಗಳು ಬಿಳಿ ಉಡುಪಿನಲ್ಲಿ ಸಬ್‌ವೇ ರೈಲು ಹತ್ತಿ ತವರಿಗೆ ಓಡುತ್ತಾಳೆ. ತವರು ಎಲ್ಲಿ? ಬ್ರಾಂಕ್ಸ್‌ನಲ್ಲಿ! ‘ಸೈನ್‌ಫೆಲ್ಡ್’ ಶುರುವಾಗುವ ಮೊದಲು ಇದು ಜಾಸ್ತಿ ನ್ಯೂಯಾರ್ಕಿನದು, ಜಾಸ್ತಿ ಯಹೂದಿ ಎಂದು ವಾಹಿನಿಯೊಳಗೇ ಅಳುಕಿತ್ತು. ಹಾಗೆ ಅಳುಕಿದವರೂ ಯಹೂದಿಯೇ. ಅದರಲ್ಲಿ ಜಾರ್ಜ್ ಮತ್ತವನ ಅಪ್ಪ-ಅಮ್ಮನ ಪಾತ್ರ ಮಾಡಿದ ಜೇಸನ್ ಅಲೆಕ್ಸಾಂಡರ್, ಜೆರ್ರಿ ಸ್ಟಿಲ್ಲರ್, ಎಸ್ಟೆಲ್ ಹ್ಯಾರಿಸ್ ಮೂವರೂ ಯಹೂದಿಗಳು, ಕುಟುಂಬದ ಹೆಸರು ಮಾತ್ರ ಇಟಲಿಯ ಕೊಸ್ಟಾಂಜಾ. 1993ರಲ್ಲಿ ‘ದಿ ನ್ಯಾನಿ’ ಬರುವಾಗಲೂ ನಾಯಕಿಯನ್ನು ಇಟಲಿ ಮೂಲದವಳನ್ನಾಗಿ ಮಾಡಿ ಎಂಬ ಸಲಹೆ ಬಂತು. ಪ್ರಾಯೋಜಕರ ಕಡೆಯಿಂದಲೇ. ಆ ಪಾತ್ರ ಮಾಡಿದ ಫ್ರ್ಯಾನ್ ಡ್ರೆಶರ್ ಒಪ್ಪಲಿಲ್ಲ. ನಲವತ್ತು ವರ್ಷಗಳ ನಂತರವೂ ಅದೇ ಬಾಗಿಲು, ಅದೇ ಕಾವಲುಗಾರ.

ಈ ಉದ್ದ ದಾರಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದವಳು ತಾಯಿ. ಮೋಲಿ ಕೂಗಿದರೆ ಎದುರುಮನೆಯವಳು ಬರುತ್ತಿದ್ದಳು. ನಂತರದ ಧಾರಾವಾಹಿಗಳಲ್ಲಿ ಯಹೂದಿ ತಾಯಿ ಕೂಗಿದರೆ ಮಕ್ಕಳು ಓಡಿಹೋಗುತ್ತಾರೆ. ಮದುವೆ ಯಾವಾಗ, ಯಾಕೆ ಫೋನ್ ಮಾಡಲಿಲ್ಲ, ಯಾಕೆ ಇನ್ನೊಂದು ತುತ್ತು ತಿನ್ನಲಿಲ್ಲ ಎಂದು ಪೀಡಿಸುವವಳು. 2007ರಿಂದ 2019ರವರೆಗೆ ನಡೆದ ‘ದಿ ಬಿಗ್ ಬ್ಯಾಂಗ್ ಥಿಯರಿ’ಯಲ್ಲಿ ಹಾವರ್ಡ್ ವೊಲೊವಿಟ್ಜ್‌ನ ತಾಯಿಯ ಮುಖವನ್ನೇ ತೋರಿಸಲಿಲ್ಲ. ಪಕ್ಕದ ಕೋಣೆಯಿಂದ ಬರುವ ಗಟ್ಟಿ ದನಿ ಮಾತ್ರ. ಆ ದನಿ ನಟಿ ಕ್ಯಾರಲ್ ಆ್ಯನ್ ಸೂಸಿ ಅವರದು, 2014ರಲ್ಲಿ ಅವರು ತೀರಿಕೊಂಡರು. ನಗು ಬರುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಕಿಟಕಿಗೆ ಮುಖವಿಟ್ಟು ದೇಶದೊಂದಿಗೆ ಮಾತಾಡುತ್ತಿದ್ದ ಹೆಂಗಸಿನಿಂದ ಶುರುವಾಗಿ ಮುಖವೇ ಇಲ್ಲದ ಕೂಗಿನವರೆಗೆ ಬಂದದ್ದನ್ನು ನೋಡಿದರೆ ‘ನೋಬಡಿ ವಾಂಟ್ಸ್ ದಿಸ್’ ಬಗ್ಗೆ ಆ ಹೆಂಗಸರಿಗೆ ಯಾಕೆ ಅಷ್ಟು ನೋವಾಯಿತು ಎಂಬುದು ಅರ್ಥವಾಗುತ್ತದೆ. ಅವರು ಕೇಳುತ್ತಿರುವುದು ಹೊಗಳಿಕೆಯನ್ನಲ್ಲ. ಅಡುಗೆಮನೆಯೊಳಗೆ ಕ್ಯಾಮೆರಾ ಬರಲಿ, ಅಲ್ಲಿರುವವಳಿಗೆ ಬುದ್ಧಿಯೂ ಇದೆ ಎಂಬುದು ಕಾಣಲಿ ಎಂದು ಕೇಳುತ್ತಿದ್ದಾರೆ. ಆ ಪಾತ್ರ ಯಾರು ಮಾಡಬೇಕು ಎಂಬ ಪ್ರಶ್ನೆ ನನಗೆ ಇದರ ನಂತರದ್ದು.

ನೇರ ಪ್ರಸಾರದ ಕಾಲವಾದ್ದರಿಂದ ಹಳೆಯ ಗೋಲ್ಡ್‌ಬರ್ಗ್ಸ್‌ನ ಬಹುಪಾಲು ಗಾಳಿಯಲ್ಲಿ ಹೋಗಿಬಿಟ್ಟಿದೆ. ಟಿವಿ ಪರದೆಯಿಂದಲೇ ಫಿಲ್ಮ್‌ಗೆ ಹಿಡಿದಿಟ್ಟ ಕೆಲವು, ಕೊನೆಯ ವರ್ಷ ಫಿಲ್ಮ್ ಮೇಲೆ ತೆಗೆದವು, ಹೀಗೆ ಎಪ್ಪತ್ತರ ಆಸುಪಾಸು ಎಪಿಸೋಡುಗಳು ಈಗ ಡಿವಿಡಿಯಲ್ಲಿ ಸಿಗುತ್ತವೆ. ಅವುಗಳಲ್ಲಿ 1949ರ ಒಂದನ್ನು ಹಾಕಿ ನೋಡಿ. ಮೋಲಿ ಕಿಟಕಿಯಿಂದ ಒಳಗೆ ತಿರುಗುತ್ತಾಳೆ. ಬಾಗಿಲು ತೆರೆಯುತ್ತದೆ. ಲೋಬ್ ಇನ್ನೂ ಜೇಕ್. ದಿನವೆಲ್ಲ ದುಡಿದು ಸುಸ್ತಾಗಿ ಬಂದ ಗಂಡಸು, ಮಕ್ಕಳು ಎಲ್ಲಿ ಎಂದು ನೋಡುತ್ತಾ ಊಟದ ಮೇಜಿನ ಹತ್ತಿರ ಬರುತ್ತಾರೆ.